ಅತ್ತೆಯ ಗಂಗೆ ಪೂಜೆಯೂ ಊರಿನ ಜಲನೀತಿಯೂ

ಹೈದರಾಬಾದಿನ ಜಲನೀತಿಯನ್ನು ರೂಪಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ನಾನು ನಮ್ಮ ಅತ್ತೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಸರ್ಕಾರಕ್ಕೆ ಅವಮಾನ. ಅತ್ತೆಗೆ ಅದಕ್ಕಿಂತ ದೊಡ್ಡ ಅವಮಾನ! "ಆ ಹೊಲಸಿಗೆ ನನ್ನ ಹೆಸರು ಎದಕ್ಕ ಹಚ್ಚತೀಯೋ?" ಎಂದು ಫೋನಿನಲ್ಲೇ ಝಾಡಿಸಿಬಿಡುತ್ತಾರೆ. ಆದರೆ ಕೊಂಡಾಪುರದ ಒಂದು ಅಪಾರ್ಟ್‌ಮೆಂಟಿನ ಮಟ್ಟಿಗೆ, ಅದರ ಹಿಂದಿನ ಒಂದು ಸಣ್ಣ ಕೆರೆಯ ಮಟ್ಟಿಗೆ, ನೀತಿ ಮಾಡಿದವರೂ ಅವರೇ, ಜಾರಿಗೆ ತಂದವರೂ ಅವರೇ. ಅವರು ಬಳಸಿದ ಆಯುಧ ಒಂದು ಕುಂಕುಮದ ಭರಣಿ. ಅದನ್ನೂ ಅವರು ಕೈಯಲ್ಲಿ ಹಿಡಿದಿರಲಿಲ್ಲ ಎಂಬುದೇ ಸೋಜಿಗ!

ಅತ್ತೆ ಅಂದರೆ ಹೆಂಡತಿಯ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ಕಲಬುರಗಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಸನತ್‌ನಗರಕ್ಕೆ ಬಂದವರು. ಮಾವ ಅಲ್ಲಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ನಾನು ಹೈದರಾಬಾದಿಗೆ ಬರುವ ಹೊತ್ತಿಗೆ ಅವರು ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಆದರೆ ಆ ಓಣಿಯಲ್ಲಿ ಓಡಾಡುವ ಮಕ್ಕಳಲ್ಲಿ ಅರ್ಧಕ್ಕರ್ಧ ಮಕ್ಕಳಿಗೆ ಎಣ್ಣೆ ತಿಕ್ಕಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದವರು ಅವರೇ. ಕಟ್ಟಡದ ಕೆಲಸಕ್ಕೆಂದು ನಮ್ಮ ಕಡೆಯಿಂದ ಬಂದ ಹೆಣ್ಣುಮಕ್ಕಳಿಗೆ ತವರಿಗೆ ಹೋಗಲು ಪುರಸೊತ್ತೆಲ್ಲಿ? ಅವರಿಗೆಲ್ಲ ಅತ್ತೆಯ ಮನೆಯೇ ತವರು.

ಊರಿಗೆ ಊರೇ ಕಂಪ್ಯೂಟರ್ ಕಲಿಯುತ್ತಿದ್ದ ಕಾಲದಲ್ಲಿ ನಾನೂ ಒಂದು ಕೋರ್ಸ್ ಮುಗಿಸಿಕೊಂಡು, ಕೆಲಸ ಹುಡುಕಲು ಅವರ ಮನೆಗೆ ಬಂದಿಳಿದೆ. ಬಂದ ದಿನವೇ ಅವರ ನೀತಿಯ ಮೊದಲ ಪಾಠವಾಯಿತು. ಬಚ್ಚಲಲ್ಲಿ ತುಂಬಿಟ್ಟಿದ್ದ ಬಕೆಟ್ಟಿನಲ್ಲಿ ನಾನು ನನ್ನ ಕಾಲುಚೀಲಗಳನ್ನು ನೆನೆಹಾಕಿದ್ದೆ. ಅತ್ತೆ ಬಗ್ಗಿ ನೋಡಿದರು.

"ಇದು ಯಾರ ಕೆಲಸ?"

"ನಂದs ಅತ್ತಿ."

"ಹಂಗಾರ ಹೋಗಿ ಒಂದು ಬಕೀಟ ಛಲೋ ನೀರು ತಂದಿಡು. ಕೆಡಿಸಿದವ ತುಂಬಬೇಕು."

"ನಳ ಬಂದ್ ಆಗೇತಲ್ಲ ಅತ್ತಿ!"

"ಹಿಂದಿನ ಓಣಿಯಾಗ ಬೋರಿಂಗ್ ಐತಿ. ಅದಕ್ಕೇನು ಬಾಗಲಾ ಹಾಕ್ಯಾರೇನು?"

ಬೋರಿಂಗ್ ಅಂದರೆ ಕೈಪಂಪು. ಹೊಸ ಪ್ಯಾಂಟು ತೊಟ್ಟ ಸಾಫ್ಟ್‌ವೇರ್ ಇಂಜಿನಿಯರು (ಕೆಲಸ ಸಿಕ್ಕಿರಲಿಲ್ಲ, ಆದರೆ ಪ್ಯಾಂಟು ಹೊಲಿಸಿಯಾಗಿತ್ತು!) ಓಣಿಯ ಹೆಂಗಸರ ಸಾಲಿನಲ್ಲಿ ನಿಂತು ಪಂಪು ಹೊಡೆದು ಬಕೆಟ್ ಹೊತ್ತು ತಂದ. ಆಮೇಲೆ ನಾನು ಕಾಲುಚೀಲ ಒಗೆಯುವುದನ್ನೇ ಬಿಟ್ಟೆ. ಅದರಿಂದ ಒಂದು ಲಾಭವೂ ಆಯಿತು. ಇಂಟರ್‌ವ್ಯೂಗೆ ಹೋಗುವಾಗ ಲೋಕಲ್ ರೈಲಿನಲ್ಲಿ ಲಿಂಗಂಪಲ್ಲಿಯವರೆಗೂ ನನ್ನ ಅಕ್ಕಪಕ್ಕ ಯಾರೂ ಕೂರುತ್ತಿರಲಿಲ್ಲ!

ಈ ನಿಯಮ ನನ್ನಂಥ ಬಡಪಾಯಿಗೆ ಮಾತ್ರ ಎಂದುಕೊಳ್ಳಬೇಡಿ. ಓಣಿಯ ಹಿಂದೆ ಒಂದು ಬಣ್ಣದ ಕಾರ್ಖಾನೆಯಿತ್ತು. ಅದು ತೊಳೆದ ನೀರನ್ನು ಹೊರಗೆ ಬಿಟ್ಟಾಗಲೆಲ್ಲ ಬೋರಿಂಗಿನಲ್ಲಿ ಚಹಾದ ಬಣ್ಣದ ನೀರು ಬರುತ್ತಿತ್ತು. ಉಳಿದವರು ಗೊಣಗಿಕೊಂಡು ಮುಂದಿನ ಪಂಪಿಗೆ ಹೋಗುತ್ತಿದ್ದರು. ನಮ್ಮ ಅತ್ತೆ ಆ ನೀರನ್ನೇ ಕೊಡದಲ್ಲಿ ತುಂಬಿಕೊಂಡು ಕಾರ್ಖಾನೆಯ ಗೇಟಿಗೆ ಹೋಗುತ್ತಿದ್ದರು. "ಇದು ನಿಮ್ಮದು. ತೊಗೊಳ್ರಿ. ನಮ್ಮದು ನಮಗ ಕೊಡ್ರಿ." ವಾಚ್‌ಮನ್ ಮೊದಮೊದಲು ಗದರಿದ, ಆಮೇಲೆ ಕೈಮುಗಿದ, ಕೊನೆಗೆ ಈಕೆ ದೂರದಲ್ಲಿ ಕಂಡರೆ ಸಾಕು, ಆಫೀಸಿನ ಕ್ಯಾನ್ ತಂದು ಕೊಡಕ್ಕೆ ಸುರಿದುಬಿಡುತ್ತಿದ್ದ. ಕಾರ್ಖಾನೆಯ ಸಾಹೇಬರು ಕುಡಿಯುವ ನೀರಿನಲ್ಲಿ ನಮ್ಮ ಮನೆಯ ತೊಗರಿಬೇಳೆ ಬೇಯುತ್ತಿತ್ತು ಎಂದರೆ ನೀವು ನಂಬುವುದಿಲ್ಲ!

ಅತ್ತೆಯ ಇನ್ನೊಂದು ವಿಚಿತ್ರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಬಾಣಂತಿ ಹೊಸ್ತಿಲು ದಾಟಿ ಬೇರೆಲ್ಲಿಗಾದರೂ ಹೋಗುವ ಮೊದಲು ಗಂಗೆ ಪೂಜೆಯಾಗಬೇಕು. ಬಾವಿಯ ಕಟ್ಟೆಗೋ ಕೆರೆಯ ದಂಡೆಗೋ ಹೋಗಿ, ಅರಿಸಿನ ಕುಂಕುಮ ಏರಿಸಿ, ಕೂಸನ್ನು ನೀರಿಗೆ ತೋರಿಸಿ, ನಿನ್ನನ್ನು ನಂಬಿ ಬೆಳೆಯುವ ಜೀವ ಇದು, ನೋಡಿಕೋ ತಾಯಿ ಎಂದು ಒಪ್ಪಿಸಿ, ಒಂದು ಕೊಡ ನೀರು ತುಂಬಿಕೊಂಡು ಮನೆಗೆ ಬರಬೇಕು. ಓಣಿಯ ಎಲ್ಲ ಗಂಗೆ ಪೂಜೆಗಳಿಗೂ ಅತ್ತೆಯದೇ ಮೇಸ್ತ್ರಿಕೆ. ಎಲೆಯಡಿಕೆ, ಕಾಯಿ, ಉಡಿ ತುಂಬುವ ಅಕ್ಕಿ, ಎಲ್ಲ ಜೋಡಿಸಿಕೊಡುತ್ತಿದ್ದರು. ಇನ್ನೇನು ಪೂಜೆ ಶುರುವಾಗಬೇಕು, ಆಗ ಸರಿಯಾಗಿ ಹಣೆಗೆ ಕೈಹೊಡೆದುಕೊಳ್ಳುತ್ತಿದ್ದರು. "ಅಯ್ಯ, ಒಲಿ ಮ್ಯಾಲ ಹಾಲಿಟ್ಟು ಬಂದೀನಲ್ಲ! ನೀವು ನಡಸ್ರಿ, ನಡಸ್ರಿ!" ಎಂದು ಮನೆಗೆ ಓಟ. ಒಮ್ಮೆ ಕೆನೆಹಾಲಿನ ಚಹಾದ ಆಸೆಗೆ ನಾನೂ ಹಿಂದೆಯೇ ಓಡಿದೆ. ಒಲೆ ತಣ್ಣಗಿತ್ತು. ಅತ್ತೆ ಬಚ್ಚಲಲ್ಲಿ ಕೂತು, ಮೊದಲೇ ಫಳಫಳ ಹೊಳೆಯುತ್ತಿದ್ದ ತಂಬಿಗೆಯನ್ನು ತಿಕ್ಕುತ್ತಿದ್ದರು.

"ಹಾಲೆಲ್ಲಿ ಅತ್ತಿ?"

"ಕುಡದಬಿಟ್ಟೆ!"

ಇಷ್ಟು ಬೇಗ, ಅದೂ ಕುದಿಯುವ ಹಾಲು! ನಮ್ಮ ಅತ್ತೆಯ ನಾಲಿಗೆಯೇ ನಾಲಿಗೆ ಎಂದು ನಾನು ಬೆರಗಾದೆ. ಮರೆವಿಗೊಂದು ಮಿತಿ ಬೇಡವೇ ಎಂದು ಓಣಿಯ ಗೆಳೆಯರೆದುರು ನಕ್ಕೂ ಇದ್ದೆ.

ಕೆಲಸ ಸಿಕ್ಕಿತು, ಮದುವೆಯಾಯಿತು, ಕೊಂಡಾಪುರದಲ್ಲಿ ಸಾಲ ಮಾಡಿ ಒಂದು ಫ್ಲಾಟನ್ನೂ ಕೊಂಡೆ. ಹೆಂಡತಿ ರಾಯಚೂರಿನವಳು. ಮಗಳು ಹುಟ್ಟಿದಾಗ ಅವಳ ತಾಯಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಮಲಗಿದ್ದರು. ಹಾಗಾಗಿ ಬಾಣಂತನಕ್ಕೆ ಸನತ್‌ನಗರದಿಂದ ನಮ್ಮ ಅತ್ತೆಯೇ ಬಂದರು. ಒಂದು ಟ್ರಂಕು, ಒಂದು ಎಣ್ಣೆಯ ಡಬ್ಬಿ, ಬಜೆ ತೇಯುವ ಒಂದು ಕಲ್ಲು. ಬಂದವರು ಕೂಸಿನ ಮುಖ ನೋಡಿ ದೃಷ್ಟಿ ತೆಗೆದು, ಮೊದಲು ಕೇಳಿದ್ದೇ: "ನೀರೆಲ್ಲಿ?"

ನಾನು ಹೆಮ್ಮೆಯಿಂದ ಎಲ್ಲ ತೋರಿಸಿದೆ. ನಲ್ಲಿಯಲ್ಲಿ ಬೋರಿನ ನೀರು. ಅದು ಸಾಲದಾಗ ಟ್ಯಾಂಕರ್. ಕುಡಿಯಲು ಕ್ಯಾನ್. ಕ್ಯಾನಿನ ಮೇಲೂ ನಂಬಿಕೆ ಇಲ್ಲದ್ದರಿಂದ ಗೋಡೆಗೊಂದು ಶುದ್ಧೀಕರಣದ ಪೆಟ್ಟಿಗೆ. ಕೂಸಿಗೆ ಮಾತ್ರ, ಆ ಪೆಟ್ಟಿಗೆಯಿಂದ ಬಂದದ್ದನ್ನೂ ಕುದಿಸಿ, ಆರಿಸಿ, ಸೋಸಿ, ಮತ್ತೆ ಕುದಿಸಿ! ಅತ್ತೆ ಎಲ್ಲ ಕೇಳಿಸಿಕೊಂಡರು. "ಇಷ್ಟು ನಮೂನಿ ನೀರು ಅದಾವು, ಒಂದನ್ನರ ನಂಬತಿಯೇನು?" ಎಂದರು. ನಾನು ಅವರನ್ನು ಬಾಲ್ಕನಿ ತೋರಿಸಲು ಕರೆದುಕೊಂಡು ಹೋದೆ.

ಅದು ತಪ್ಪಾಯಿತು. ನಮ್ಮ ಫ್ಲಾಟು ಕೆರೆ ಕಾಣುವ ಬದಿಯದು. ಬಿಲ್ಡರ್ ಕೊಟ್ಟ ಚಿತ್ರದಲ್ಲಿ ನೀಲಿ ನೀರು, ಬಿಳಿ ಹಕ್ಕಿ, ದಂಡೆಯಲ್ಲಿ ನಗುವ ದಂಪತಿಗಳು. ಆ ನೋಟಕ್ಕೆಂದೇ ನಾವು ಹೆಚ್ಚಿಗೆ ಕೊಟ್ಟಿದ್ದೆವು. ಗೃಹಪ್ರವೇಶದ ಮಾರನೆಯ ದಿನದಿಂದ ಆ ಕಡೆಯ ಕಿಟಕಿಗಳನ್ನು ತೆರೆಯಲಾಗಲಿಲ್ಲ. ವಾಸನೆ! ಅತ್ತೆ ಬಾಗಿಲು ಸರಿಸಿ, ಮೂಗಿಗೆ ಸೆರಗು ಹಿಡಿದು, ಹಸಿರುಗಟ್ಟಿ ನೊರೆಯೆದ್ದ ಆ ನೀರನ್ನು ನೋಡಿದರು.

"ಇದನ್ನ ನೋಡಾಕ ರೊಕ್ಕಾ ಕೊಟ್ಟಿಯಾ? ಮುಚಗೊಂಡು ಕುಂದ್ರಾಕ ಕಿಟಕಿ ಮಾಡಿಸಿಯಾ?"

ನಗುವ ಮಾತೇ. ಆದರೆ ನನಗೆ ನಗು ಬರುತ್ತಿರಲಿಲ್ಲ. ಮಗಳು ಹುಟ್ಟುವಾಗಲೇ ಸಣ್ಣದು. ಮನೆಗೆ ಬಂದ ಮೇಲೆ ಹೊಟ್ಟೆ ನಿಲ್ಲಲೊಲ್ಲದು. ನಾಲ್ಕು ದಿನ ಸುಮ್ಮನಿರುವುದು, ಮತ್ತೆ ಭೇದಿ. ತೊಡೆಯ ಚರ್ಮ ಸಡಿಲಾಗುತ್ತಿತ್ತು. ಡಾಕ್ಟರು ಔಷಧ ಬರೆದುಕೊಟ್ಟು, "ಯಾವ ನೀರು ಬಳಸುತ್ತೀರಿ? ಪಾತ್ರೆ ತೊಳೆಯುವುದು ಯಾವುದರಲ್ಲಿ? ಬೋರ್ ಎಲ್ಲಿದೆ?" ಎಂದು ಕೇಳಿದರು. ಬೋರ್ ಕೆರೆಯ ದಂಡೆಗೇ ಇತ್ತು. ಅಂದಿನಿಂದ ಮನೆಯಲ್ಲಿ ನಲ್ಲಿ ತಿರುಗಿಸಿದ ಸದ್ದಾದರೆ ಸಾಕು, ನಾನು ಎದ್ದು ಹೋಗಿ ನೋಡುತ್ತಿದ್ದೆ. ಆಫೀಸಿನಿಂದ ಗಂಟೆಗೊಮ್ಮೆ ಫೋನ್ ಮಾಡಿ, "ಎಷ್ಟು ಸಲ ಆಯ್ತು?" ಎಂದು ಕೇಳುತ್ತಿದ್ದೆ. ಪಕ್ಕದ ಸೀಟಿನವನು ನಾನು ಕ್ರಿಕೆಟ್ ಸ್ಕೋರು ಕೇಳುತ್ತಿದ್ದೇನೆ ಎಂದು ತಿಳಿದಿದ್ದ!

ಗಂಗೆ ಪೂಜೆಯ ದಿನ ಬಂತು. ಅತ್ತೆ ಕಾಯಿ ತರಿಸಲಿಲ್ಲ, ಎಲೆ ತರಿಸಲಿಲ್ಲ. ಸುಮ್ಮನೆ ಕೂಸಿಗೆ ಬಜೆ ತೇಯುತ್ತ ಕೂತಿದ್ದರು.

"ಪೂಜಿ ಇವತ್ತಲ್ಲೇನು ಅತ್ತಿ?" ಎಂದು ಹೆಂಡತಿ ಕೇಳಿದಳು.

"ಯಾವ ಗಂಗಿಗೆ ಮಾಡ್ಲೆವ್ವಾ? ಕೂಸಿನ ಹೊಟ್ಟಿ ಕೆಡಸಾಕತ್ತಿದ್ದ ನೀರಿಗೆ, ಕೂಸನ್ನ ನೋಡ್ಕೋ ಅಂತ ಹ್ಯಾಂಗ ಹೇಳ್ಲಿ? ಆ ನೀರು ಛಲೋ ಆಗಬೇಕು. ಅಲ್ಲೀತನಕಾ ನೀನೂ ಹೊರಗ ಬರೂದಿಲ್ಲ, ಕೂಸೂ ಬರೂದಿಲ್ಲ."

ನಾನು ಗಾಬರಿಯಾದೆ. ಕೊಂಡಾಪುರದ ಕೆರೆ ಸ್ವಚ್ಛವಾಗುವವರೆಗೆ ಅಂದರೆ ಏನರ್ಥ? ನನ್ನ ಹೆಂಡತಿ ಆ ಕೋಣೆಯಲ್ಲೇ ಮುದುಕಿಯಾಗಬೇಕೇ? ನೀರಿನ ಪೆಟ್ಟಿಗೆಗೇ ಪೂಜೆ ಮಾಡೋಣ ಎಂದೆ. "ಗ್ವಾಡಿಗೆ ತೂಗಹಾಕಿದ್ದಕ್ಕ ಗಂಗಿ ಅಂತಾರೇನು?" ಎಂದರು. ಕೊನೆಗೆ ಹೆಂಡತಿಯೂ ನಾನೂ ಕಾಡಿ ಬೇಡಿ ಟ್ಯಾಂಕರಿಗೆ ಒಪ್ಪಿಸಿದೆವು. ಹರಿಯುವ ನೀರಲ್ಲದಿದ್ದರೂ ತಿರುಗುವ ನೀರಲ್ಲವೇ? ಟ್ಯಾಂಕರು ಬಂತು. ಮೆಟ್ಟಿಲ ಬುಡದಲ್ಲೇ ನಿಲ್ಲಿಸಿ, ಹಿಂದಿನ ನಲ್ಲಿಗೆ ಅರಿಸಿನ ಕುಂಕುಮ ಹಚ್ಚಿ, ಬಂಪರಿನ ಮೇಲೆ ಎಲೆಯಡಿಕೆ, ಕಾಯಿ, ದೀಪ ಎಲ್ಲ ಜೋಡಿಸಿದೆವು. ಅಷ್ಟರಲ್ಲಿ ಡ್ರೈವರನ ಫೋನು ಮೊಳಗಿತು. ಅವನು "ವಸ್ತುನ್ನಾ ಸಾರ್, ವಸ್ತುನ್ನಾ!" ಎಂದು ತೆಲುಗಿನಲ್ಲಿ ಯಾರಿಗೋ ಬಂದೆ ಬಂದೆ ಎನ್ನುತ್ತಲೇ ಗಾಡಿ ಹತ್ತಿ ಹೊರಟೇಬಿಟ್ಟ. ನಮ್ಮ ಗಂಗಮ್ಮ ದೀಪ, ಕಾಯಿ, ಉಡಿಯಕ್ಕಿ ಸಮೇತ ಗೇಟು ದಾಟಿ ಹೊರಟುಹೋದಳು! ನಾನು ಸ್ವಲ್ಪ ದೂರ ಹಿಂದೆ ಓಡಿದೆ. ಅತ್ತೆ ಮಾತ್ರ ನಿರಾಳವಾಗಿ ಹೇಳಿದರು: "ಹೋಗ್ಲಿ ಬಿಡು. ಆಕಿಗೂ ಇಲ್ಲಿ ಇರಾಕ ಮನಸಿಲ್ಲ."

ಮಾರನೆಯ ದಿನ ಅತ್ತೆ ಕಾಣೆಯಾದರು. ಹುಡುಕಿದರೆ ಕಟ್ಟಡದ ಹಿಂದೆ, ಕೆರೆಯ ಬದಿಗೆ, ಒಂದು ದಪ್ಪ ಪೈಪಿನ ಬಾಯಿಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ನಮ್ಮ ಇಡೀ ಅಪಾರ್ಟ್‌ಮೆಂಟಿನ ಬಚ್ಚಲಿನ, ಕಕ್ಕಸಿನ ನೀರು ಅಲ್ಲಿಂದ ಗಳಗಳ ಕೆರೆಗೆ ಇಳಿಯುತ್ತಿತ್ತು. ಅದನ್ನು ಶುದ್ಧ ಮಾಡಿ ಬಿಡಲೆಂದು ನೆಲಮಾಳಿಗೆಯಲ್ಲಿ ಒಂದು ದೊಡ್ಡ ಯಂತ್ರವಿತ್ತು. ಎಸ್‌ಟಿಪಿ ಎನ್ನುತ್ತಾರೆ. ಅದು ಬಂದ್. ನಡೆಸಿದರೆ ಕರೆಂಟು ಬಿಲ್ಲು ಬರುತ್ತದೆಂದು, ತಪಾಸಣೆಗೆ ಯಾರಾದರೂ ಬಂದಾಗ ಮಾತ್ರ ಅದನ್ನು ಎಬ್ಬಿಸುತ್ತಿದ್ದರು. ನಮ್ಮ ನಿವಾಸಿಗಳ ಸಂಘದ ಅಧ್ಯಕ್ಷರು ಬ್ಯಾಂಕಿನಿಂದ ನಿವೃತ್ತರಾದ ತೆಲುಗು ಹಿರಿಯರು, ಸಜ್ಜನರು. ಆದರೆ ಖರ್ಚು ಎಂಬ ಶಬ್ದ ಕಿವಿಗೆ ಬಿದ್ದರೆ ಅವರಿಗೆ ಕೆಮ್ಮು ಹತ್ತಿಕೊಳ್ಳುತ್ತಿತ್ತು. ನಾನು ಎಸ್‌ಟಿಪಿಯ ಮಾತೆತ್ತಿದಾಗಲೆಲ್ಲ ಅವರು ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ತಂದುಕೊಳ್ಳುತ್ತಿದ್ದರು, ನಾನೇ ಬೆನ್ನು ತಟ್ಟಿ ಮನೆಗೆ ಕಳಿಸಬೇಕಾಗುತ್ತಿತ್ತು!

ಅದೇ ದಿನಗಳಲ್ಲಿ ನಗರದ ನೀರಿನ ಮಾಲಿನ್ಯದ ಬಗ್ಗೆ ಹೊಸ ನೀತಿಯೊಂದರ ಕರಡು ಬಂತು. ನಾಗರಿಕರ ಅಭಿಪ್ರಾಯ ಕೇಳಲು ಹತ್ತಿರದ ಒಂದು ಸಭಾಂಗಣದಲ್ಲಿ ಸಭೆ ಕರೆದಿದ್ದರು. ಸಂಘದ ನಿಲುವನ್ನು ಅಧ್ಯಕ್ಷರು ಮಂಡಿಸುವುದು, ಲ್ಯಾಪ್‌ಟಾಪಿನಲ್ಲಿ ಚಿತ್ರಗಳನ್ನು ನಾನು ಸರಿಸುವುದು ಎಂದು ನಿಶ್ಚಯವಾಯಿತು. "ನೀರಿನ ಮೀಟಿಂಗಾ? ನಾನೂ ಬರತೀನಿ" ಎಂದರು ಅತ್ತೆ. ಬಾಣಂತಿಯ ಜೊತೆಗೆ ಎದುರು ಫ್ಲಾಟಿನ ತೆಲುಗು ಹುಡುಗಿಯನ್ನು ಕೂರಿಸಿ, ಇಸ್ತ್ರಿಯ ಸೀರೆಯುಟ್ಟು ಬಂದು ಮೊದಲ ಸಾಲಿನಲ್ಲೇ ಕೂತರು.

ಅಧಿಕಾರಿಗಳು ಮಾತಾಡಿದರು. ಸುಸ್ಥಿರ ಅಭಿವೃದ್ಧಿಯೇ ನಗರದ ಗುರಿ. ಮಾಲಿನ್ಯ ಮಾಡಿದವರೇ ಅದರ ವೆಚ್ಚ ಭರಿಸಬೇಕು ಎಂಬುದೇ ತತ್ವ. ಆದರೆ ಮಾಡಿದವರು ಯಾರು ಎಂಬುದು ಇನ್ನೂ ಪರಿಶೀಲನೆಯಲ್ಲಿದೆ! ಅತ್ತೆ ನನ್ನ ಕಡೆ ತಿರುಗಿ ಕೇಳಿದರು.

"ಏನಂದ್ರೋ ಅವರು?"

"ಕೆಡಿಸಿದವರs ಖರ್ಚು ಕೊಡಬೇಕು ಅಂತ ಕಾಯ್ದೆ ಮಾಡ್ತಾರಂತ ಅತ್ತಿ."

"ಇದರಾಗ ಹೊಸಾದ್ದೇನೈತಿ? ನಿನ್ನ ಕಾಲಚೀಲದ ದಿನಾನs ನಾ ಹೇಳಿದ್ನಲ್ಲ!"

ಆಮೇಲೆ ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ನಿಲುವು ಹೇಳಿದರು. ಕಾರ್ಖಾನೆಗಳ ಪರವಾಗಿ ಬಂದವರು, ಕೈಗಾರಿಕೆ ಇಡೀ ಊರಿಗೆ ಅನ್ನ ಕೊಡುತ್ತಿದೆ, ವೆಚ್ಚವನ್ನು ಊರೆಲ್ಲ ಹಂಚಿಕೊಳ್ಳಲಿ ಎಂದರು. ಬಿಲ್ಡರುಗಳ ಪರವಾಗಿ ಬಂದವರು, ಯಂತ್ರ ಕೂರಿಸಿ ಕೀಲಿಕೈ ಕೊಟ್ಟಿದ್ದೇವೆ, ಇನ್ನು ನಮಗೂ ನೀರಿಗೂ ಸಂಬಂಧವಿಲ್ಲ ಎಂದರು. ಎಲ್ಲರೂ ತತ್ವವನ್ನು ಒಪ್ಪಿದರು. ಯಾರೂ ಬಿಲ್ಲನ್ನು ಒಪ್ಪಲಿಲ್ಲ! ನಮ್ಮ ಅಧ್ಯಕ್ಷರು ಎದ್ದು, ಅಪಾರ್ಟ್‌ಮೆಂಟಿನವರು ವಿದ್ಯಾವಂತರು, ತೆರಿಗೆ ಕಟ್ಟುವವರು, ನಮ್ಮ ಕೆರೆ ಕೆಟ್ಟಿರುವುದು ಸನತ್‌ನಗರದಂಥ ಕಡೆಯ ಕಾರ್ಖಾನೆಗಳಿಂದ ಎಂದು ಓದಿದರು. ಸನತ್‌ನಗರ ಎಂಬ ಶಬ್ದ ಕೇಳಿದ್ದೇ ತಡ, ಅತ್ತೆ ಎದ್ದು ನಿಂತರು.

"ಸನತ್‌ನಗರದ ನೀರು ಇಲ್ಲೀತನಕಾ ಹ್ಯಾಂಗ ಬಂತ್ರಿ? ಲೋಕಲ್ ರೈಲ್ ಹತ್ತಿ ಬಂತೇನು?"

ಕನ್ನಡ ಬಲ್ಲವರು ನಕ್ಕರು. ಬಾರದವರಿಗಾಗಿ ಅತ್ತೆ ತಮ್ಮ ದಖ್ಖನಿ ಉರ್ದುವಿಗೆ ಇಳಿದರು. "ಸಾಬ್, ಪೈಪ್ ಹಮಾರೇಚ್ ಘರ್ ಕಾ ಹೈ. ಮಷೀನ್ ಬಂದ್ ಹೈ. ಮೈ ದೇಖಿ." ಪೈಪು ನಮ್ಮದೇ, ಯಂತ್ರ ಬಂದ್, ನಾನೇ ನೋಡಿದ್ದೇನೆ ಎಂಬ ಸಾಕ್ಷಿಗೆ ಸಭೆ ಗೊಳ್ಳೆಂದಿತು. ಅಧ್ಯಕ್ಷರಿಗೆ ಕೆಮ್ಮು ಹತ್ತಿತು. ನಾನು ಲ್ಯಾಪ್‌ಟಾಪಿನ ಹಿಂದೆ ತಲೆ ಅಡಗಿಸಿಕೊಂಡೆ. ಅಧಿಕಾರಿಗಳು ಒಳ್ಳೆಯವರು, ಸಮಾಧಾನದಿಂದ ವಿವರಿಸಿದರು: ಕೆರೆಗಳನ್ನು ಹಂತ ಹಂತವಾಗಿ ಹತ್ತು ವರ್ಷಗಳಲ್ಲಿ ಶುದ್ಧ ಮಾಡುತ್ತೇವೆ, ಮುಂದಿನ ಪೀಳಿಗೆಗೆ ಒಳ್ಳೆಯ ನೀರು ಬಿಟ್ಟುಹೋಗುವುದೇ ಸುಸ್ಥಿರ ಅಭಿವೃದ್ಧಿ. ನಾನು ಅದನ್ನು ಅತ್ತೆಯ ಕಿವಿಯಲ್ಲಿ ಕನ್ನಡಕ್ಕೆ ಇಳಿಸಿದೆ.

"ಹತ್ತು ವರ್ಷಾ? ಗಂಗಿ ಪೂಜಿ ಕೂಸಿನ ಲಗ್ನದಾಗ ಮಾಡೂಣೇನು? ಮುಂದಿನ ಪೀಳಿಗಿ ಎಲ್ಲೋ ಐತಿ ಅಂತ ತಿಳದಾರ ಅವರು. ಅದು ನಮ್ಮ ಮನಿಯಾಗ ಐತಿ, ಹೊಟ್ಟಿ ಕೆಟ್ಟು ಮಲಗೇತಿ ಅಂತ ಹೇಳು."

ನಾನು ಹೇಳಲಿಲ್ಲ. ಹೊರಗೆ ಹೋಗಿ ಮನೆಗೆ ಫೋನ್ ಮಾಡಿದೆ.

ಆ ವಾರ ಮಗಳಿಗೆ ಮತ್ತೆ ಭೇದಿ ಜೋರಾಯಿತು. ಈ ಸಲ ಅಳುವುದಕ್ಕೂ ಶಕ್ತಿಯಿಲ್ಲದಂತೆ ಮಲಗಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡು ಕಳಿಸಿದರು. ಗಂಗೆ ಪೂಜೆಯಾಗದ ಬಾಣಂತಿ ಆಸ್ಪತ್ರೆಗೆ ಹೋಗಬಹುದೇ ಎಂದು ನಾನು ಅನುಮಾನಿಸಿದ್ದಕ್ಕೆ ಅತ್ತೆ, "ಹುಚ್ಚಪ್ಪಾ, ಮೊದಲ ಆಟೋ ತರ್ಸು!" ಎಂದು ಗದರಿದ್ದರು. ಮನೆಗೆ ಬಂದ ಸಂಜೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದರ ಅಂಗಾಲನ್ನು ಬೆರಳಿನಿಂದ ಸವರುತ್ತ ಹೇಳಿದರು: "ನನಗ ಅಂಜಿಕಿ ಬರಾಕತ್ತೈತೋ ತಮ್ಮಾ." ಕಾರ್ಖಾನೆಯ ಗೇಟಿಗೆ ಅಂಜದ ಹೆಂಗಸು! ಆ ಮಾತು ಕೇಳಿ ನಾನು ಅವರ ಪಕ್ಕ ನೆಲದ ಮೇಲೇ ಕೂತುಬಿಟ್ಟೆ.

ಮರುದಿನ ಬೆಳಿಗ್ಗೆ ಅತ್ತೆ ಕುಂಕುಮದ ಭರಣಿ ತೆಗೆಸಿದರು. ಮನೆ ಮನೆಗೂ ಹೋಗಿ ಗಂಗೆ ಪೂಜೆಗೆ ಕರೆಯುವುದೆಂದು ತೀರ್ಮಾನ. ಕುಂಕುಮ ಹಚ್ಚುವ ಕೆಲಸ ಎದುರು ಫ್ಲಾಟಿನ ಹುಡುಗಿಗೆ ಬಿಟ್ಟು, ತಾವು ಒಂದು ಹೆಜ್ಜೆ ಹಿಂದೆ ನಿಂತು ಬಾಯಿಯ ಕೆಲಸ ಇಟ್ಟುಕೊಂಡರು. ಅಷ್ಟರಲ್ಲಿ ಅತ್ತೆಯ ಕನ್ನಡ ಅರ್ಥವಾಗತೊಡಗಿದ್ದ ಅವಳು ಅದನ್ನು ತೆಲುಗಿಗೆ ತಿರುಗಿಸುತ್ತಿದ್ದಳು.

"ಹಿಂದಿನ ಕೆರಿ ದಂಡ್ಯಾಗ ಗಂಗಿ ಪೂಜಿ ಐತ್ರಿ. ಬರೂ ಹುಣ್ಣಿವಿಗೆ. ತಪ್ಪಸಬ್ಯಾಡ್ರಿ. ಪೂಜಿ ಆದಮ್ಯಾಲ ಎಲ್ಲಾರಿಗೂ ಕೆರಿ ನೀರು ತೀರ್ಥ ಕೊಡತೀವಿ."

"ಕೆರೆಯ ನೀರಾ?!"

"ಹೂಂನ್ರಿ. ಬರಾಕ ಆಗದಿದ್ರ ಚಿಂತಿ ಬ್ಯಾಡ. ನಾವs ಮನಿಗೆ ತಂದು, ಅಡಗಿ ಮನಿಯಾಗ, ದೇವರ ಮುಂದ ಚುಮಕಿಸಿ ಹೋಗತೀವಿ!"

ಯೋಚಿಸಿ ನೋಡಿ! ಹಣೆಗೆ ಹಚ್ಚಿದ ಕುಂಕುಮವನ್ನು ಬೇಡ ಎಂದು ಒರೆಸಿಕೊಳ್ಳುವ ಹೆಣ್ಣುಮಗಳು ಯಾವ ಮಹಡಿಯಲ್ಲಿದ್ದಾಳೆ? ಕರೆದ ಮೇಲೆ ಹೋಗದಿರುವಂತಿಲ್ಲ. ಹೋದರೆ ತೀರ್ಥ. ಹೋಗದಿದ್ದರೆ ತೀರ್ಥವೇ ಮನೆಗೆ ಬರುತ್ತದೆ! ಅಧ್ಯಕ್ಷರ ಹೆಂಡತಿ ಮಹಾ ದೈವಭಕ್ತೆ. ಕಣ್ಣುಮುಚ್ಚಿ, ಕೈಮುಗಿದು ಕುಂಕುಮ ಹಚ್ಚಿಸಿಕೊಂಡರಂತೆ. ಕಣ್ಣು ತೆರೆದ ಮೇಲೆ ವಿಷಯ ತಿಳಿಯಿತು. ಆ ಮಧ್ಯಾಹ್ನ ಅಧ್ಯಕ್ಷರ ಮನೆಯಿಂದ ಕೆಮ್ಮು ಕೇಳಿಸಲಿಲ್ಲ. ಕೇಳಿಸಿದ್ದು ಅವರ ಹೆಂಡತಿಯ ದನಿ ಮಾತ್ರ.

ಸಂಜೆಯೇ ಸಂಘದ ತುರ್ತು ಸಭೆ. ನಗರದ ನೀತಿಯ ಬಗ್ಗೆ ಚರ್ಚಿಸಲು ಬಾರದವರೆಲ್ಲ ಬಂದಿದ್ದರು! ಒಬ್ಬರು, ಕ್ಯಾನ್ ನೀರನ್ನೇ ಕೆರೆಯ ದಂಡೆಗೊಯ್ದು ತೀರ್ಥ ಎಂದು ಹಂಚಿದರೆ ಹೇಗೆ ಎಂದರು. "ದೇವುಡಿನೇ ಮೋಸಂ ಚೇಸ್ತಾರಾ?" ಎಂದು ಬಾಗಿಲ ಬಳಿಯಿಂದ ಅಧ್ಯಕ್ಷರ ಹೆಂಡತಿ ಗುಡುಗಿದರು. ದೇವರಿಗೇ ಮೋಸವೇ ಎಂಬ ಆ ಮಾತಿಗೆ ಸಲಹೆ ಕೊಟ್ಟವರು ಕ್ಯಾನನ್ನು ಅಲ್ಲಿಗೇ ಕೈಬಿಟ್ಟರು. ಮತ್ತೊಬ್ಬರು ನನ್ನ ಕಡೆ ತಿರುಗಿ, ನಿಮ್ಮ ಅತ್ತೆಗೆ ನೀವೇ ಬುದ್ಧಿ ಹೇಳಬಾರದೇ ಎಂದರು. ನಾನು ಎದ್ದು ನಿಂತೆ. ಹೇಳಬೇಕೆಂದುಕೊಂಡಿದ್ದ ಅಂಕಿ ಅಂಶ ಒಂದೂ ನೆನಪಾಗಲಿಲ್ಲ. "ನನ್ನ ಮಗಳು ಉಳಿಯಬೇಕು ಸಾರ್" ಎಂದಷ್ಟೇ ಹೇಳಿ ಕೂತುಬಿಟ್ಟೆ. ಅಧ್ಯಕ್ಷರು ಕೆಮ್ಮಲು ಬಾಯಿ ತೆರೆದವರು, ನನ್ನ ಮುಖ ನೋಡಿ ಮುಚ್ಚಿದರು. "ಯಂತ್ರ ನಡೆಸೋಣ. ಖರ್ಚು ಎಲ್ಲ ಮನೆಗೂ ಸಮ" ಎಂದರು. ಖರ್ಚು ಎಂಬ ಶಬ್ದವನ್ನು ಅವರು ಕೆಮ್ಮದೆ ಉಚ್ಚರಿಸಿದ್ದು ಅದೇ ಮೊದಲು!

ಯಂತ್ರ ಎದ್ದಿತು. ಅದರ ಸದ್ದಿಗೆ ಕೆಳಗಿನ ಮಹಡಿಯವರು ಭೂಕಂಪವೆಂದು ಹೊರಗೋಡಿ ಬಂದರು! ನೇರ ಕೆರೆಗೆ ಬೀಳುತ್ತಿದ್ದ ಪೈಪಿನ ಬಾಯಿ ಮುಚ್ಚಿಸಿ, ಎಲ್ಲ ನೀರನ್ನೂ ಯಂತ್ರದೊಳಗೆ ತಿರುಗಿಸಿದರು. ದಂಡೆಯ ಬೋರಿನ ನೀರನ್ನು ಪರೀಕ್ಷೆಗೆ ಕಳಿಸಿ, ಡಾಕ್ಟರ ಅನುಮಾನ ನಿಜವೆಂದು ತಿಳಿದು, ಅದನ್ನೂ ಬಂದ್ ಮಾಡಿದರು. ಹುಣ್ಣಿಮೆ ಬಂತು. ಅಂದು ಬೆಳಿಗ್ಗೆ ಇಡೀ ಅಪಾರ್ಟ್‌ಮೆಂಟು ಬಾಲ್ಕನಿಯಲ್ಲಿ ನಿಂತು ನೋಡುತ್ತಿರಲು ಅತ್ತೆ ದಂಡೆಗೆ ಹೋಗಿ, ಬಗ್ಗಿ, ಮೂಸಿ, ತಲೆಯಾಡಿಸಿದರು. "ಇನ್ನೊಂದು ಹುಣ್ಣಿವಿ ಬೇಕು." ಇಡೀ ಕಟ್ಟಡ ಒಟ್ಟಿಗೆ ಉಸಿರು ಬಿಟ್ಟಿತು. ಅಲ್ಲಿಂದ ಮುಂದೆ ಅಧ್ಯಕ್ಷರು ದಿನಾ ವಾಕಿಂಗಿಗೆ ಕೆರೆಯ ಕಡೆಯೇ ಹೋಗಿ, ಅಕ್ಕಪಕ್ಕ ನೋಡಿಕೊಂಡು, ಬಗ್ಗಿ ಮೂಸಿ ಬರುತ್ತಿದ್ದರು.

ನಾನು ಆ ದಿನಗಳನ್ನೆಲ್ಲ ಎಣಿಸುತ್ತಲೇ ಕಳೆದೆ. ಒಂದು ದಿನ ಮಗಳ ಹೊಟ್ಟೆ ಸುಮ್ಮನಿರುತ್ತಿತ್ತು. ನಾಳೆ? ನಾಳೆಯೂ ಸುಮ್ಮನಿರುತ್ತಿತ್ತು. ನಾಡಿದ್ದು? ಆಫೀಸಿನಿಂದ ಫೋನ್ ಮಾಡಲು ಹೆದರಿಕೆ, ಮಾಡದಿರಲೂ ಹೆದರಿಕೆ. ಹೀಗೆ ಹೆದರುತ್ತ ಹೆದರುತ್ತಲೇ ಒಂದು ಸಂಜೆ ಮನೆಗೆ ಬಂದರೆ ಕೆರೆಯ ಕಡೆಯ ಕಿಟಕಿ ತೆರೆದಿತ್ತು! ಅತ್ತೆ ಅದರೆದುರು ಕೂತಿದ್ದರು. ಅವರ ತೊಡೆಯ ಮೇಲೆ, ತೊಡೆಗೆ ಮಡಿಕೆ ಬೀಳುವಷ್ಟು ತುಂಬಿಕೊಂಡ ನನ್ನ ಮಗಳು ಗಾಳಿಗೆ ಕಣ್ಣು ಪಿಳಿಪಿಳಿ ಮಾಡುತ್ತಿದ್ದಳು. ನಾನು ಬ್ಯಾಗು ಕೆಳಗಿಡುವುದನ್ನೂ ಮರೆತು ನಿಂತೆ.

ಎರಡನೆಯ ಹುಣ್ಣಿಮೆಗೆ ಪೂಜೆ. ನೀರು ತಿಳಿಯಾಗಿತ್ತು ಎಂದರೆ ಸುಳ್ಳಾದೀತು. ಬಿಲ್ಡರನ ಚಿತ್ರದ ನೀಲಿಯೂ ಇರಲಿಲ್ಲ, ದಂಪತಿಗಳೂ ನಗುತ್ತಿರಲಿಲ್ಲ. ಆದರೆ ನೊರೆ ಹೋಗಿತ್ತು, ಮೂಗಿಗೆ ಸೆರಗು ಬೇಕಾಗುತ್ತಿರಲಿಲ್ಲ. "ಪೂಜಿಗೆ ಸಾಕು. ಕುಡಿಯಾಕ ಬ್ಯಾಡ, ತೀರ್ಥ ತಲಿಗೆ ಚುಮಕಿಸ್ರಿ" ಎಂದು ಅತ್ತೆ ಅಪ್ಪಣೆ ಕೊಟ್ಟಾಗ ಅಧ್ಯಕ್ಷರು ಕೈಮುಗಿದರು, ದೇವರಿಗೋ ಅತ್ತೆಗೋ ತಿಳಿಯಲಿಲ್ಲ! ಅಪಾರ್ಟ್‌ಮೆಂಟಿನ ಹೆಂಗಸರೆಲ್ಲ ರೇಷ್ಮೆ ಸೀರೆಯಲ್ಲಿ ದಂಡೆಗೆ ಬಂದಿದ್ದರು. ಅತ್ತೆ ಕಲ್ಲು ತೊಳೆದರು, ರಂಗೋಲಿ ಬಿಡಿಸಿದರು, ಎಲೆಯಡಿಕೆ, ಕಾಯಿ, ಉಡಿಯಕ್ಕಿ ಜೋಡಿಸಿದರು, ಕೊಡಕ್ಕೆ ಸುಣ್ಣ ಹಚ್ಚಿಕೊಟ್ಟರು. ನನ್ನ ಹೆಂಡತಿ ಕೂಸನ್ನೆತ್ತಿಕೊಂಡು ಕಲ್ಲಿನ ಎದುರು ಕೂತಳು. ಮುತ್ತೈದೆಯರು ಸುತ್ತ ನೆರೆದರು.

ಅಷ್ಟರಲ್ಲಿ ಅತ್ತೆ ಹಣೆಗೆ ಕೈಹೊಡೆದುಕೊಂಡರು.

"ಅಯ್ಯ, ಒಲಿ ಮ್ಯಾಲ ಹಾಲಿಟ್ಟು ಬಂದೀನಲ್ಲ! ನೀವು ನಡಸ್ರಿ, ನಡಸ್ರಿ!"

ನಾನು ನಗಲು ಬಾಯಿ ತೆರೆದೆ. ಸನತ್‌ನಗರದ ತಣ್ಣಗಿನ ಒಲೆ ಆಗ ಕಣ್ಣಮುಂದೆ ಬಂತು. ಗಂಡ ಹೋದವರು, ಮಕ್ಕಳಾಗದವರು ಬಾಣಂತಿಯ ಪೂಜೆಯ ಹೊತ್ತಿಗೆ ಎದುರಿಗಿರಬಾರದು ಎಂದು ಯಾರೋ ಗೊಣಗುವ ಮೊದಲೇ, ಯಾರಿಗೂ ಮುಜುಗರವಾಗದ ಹಾಗೆ, ಈ ಹೆಂಗಸು ಪ್ರತಿ ಸಲವೂ ಇಲ್ಲದ ಹಾಲಿಗಾಗಿ ಓಡಿಹೋಗುತ್ತಿದ್ದರು. ಅದನ್ನು ನಾನು ಮರೆವು ಎಂದು ನಕ್ಕಿದ್ದೆ.

ಅತ್ತೆ ಆಗಲೇ ಬೆನ್ನು ತಿರುಗಿಸಿ ನಾಲ್ಕು ಹೆಜ್ಜೆ ಹಾಕಿದ್ದರು.

"ಒಲಿ ನಾನs ಆರಿಸಿ ಬಂದೀನಿ ಅತ್ತಿ" ಎಂದಳು ನನ್ನ ಹೆಂಡತಿ, ಕೂತಲ್ಲಿಂದಲೇ. "ಹಾಲು ಎಲ್ಲೂ ಹೋಗೂದಿಲ್ಲ. ಬರ್ರಿ, ಕೂಸನ್ನ ನೀವs ಒಪ್ಪಸ್ರಿ."

ಅತ್ತೆ ನಿಂತರು. ಅಧ್ಯಕ್ಷರ ಹೆಂಡತಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು. ಅತ್ತೆ ಹಿಂದಿರುಗಿ ಬಂದು, ಮಂಡಿಯೂರಿ ಕೂತು, ಕೂಸನ್ನು ತೆಗೆದುಕೊಂಡರು. ಓಣಿಗೆ ಓಣಿಯನ್ನೇ ನೀರೆರೆದು ಬೆಳೆಸಿದ ಆ ಕೈಗಳಿಗೆ ಈ ಪೂಜೆ ಇದೇ ಮೊದಲು. ಕೂಸನ್ನು ನೀರಿಗೆ ತೋರಿಸಿ, ಯಾರಿಗೂ ಕೇಳದಷ್ಟು ಮೆಲ್ಲಗೆ ಏನೋ ಹೇಳಿದರು. ನಾನು ಹತ್ತಿರದಲ್ಲಿದ್ದೆ, ನನಗೆ ಕೇಳಿಸಿತು.

"ಇವರು ಇನ್ನ ಕೆಡಸೂದಿಲ್ಲವ್ವಾ. ನೀನೂ ಸಿಟ್ಟು ಬಿಡು. ಇದು ನಮ್ಮ ಕೂಸು."